ಮೀಸಲು ಮಟ್ಟು

ನಮ್ಮೂರಿನಲ್ಲಿ ಒಂದು ಮಟ್ಟು ಒಬ್ಬರ ಕಿವಿಗೆ ಒಂದೇ ಸಲ ಬೀಳುತ್ತದೆ. ಅದನ್ನೇ ಇನ್ನೊಮ್ಮೆ ಹಾಡಿದರೆ ಪದಗಳು ಬರೀ ಮಾತಿನಂತೆ ಕೇಳಿಸುತ್ತವೆ, ಅವುಗಳ ಮೇಲೆ ರಾಗವಿರುವುದಿಲ್ಲ. ತಂತಿಯ ವಾದ್ಯವಾದರೆ ತಂತಿ ಮೀಟಿದ ಟಕ್ ಟಕ್ ಅಷ್ಟೆ. ಯಾಕೆ ಹೀಗೆ ಎಂದು ಹೊರಗಿನಿಂದ ಬಂದವರು ಕೇಳುತ್ತಾರೆ. ನಿಮ್ಮೂರಲ್ಲಿ ಯಾಕೆ ಹಾಗೆ ಎಂದು ನಾವು ಯಾರನ್ನೂ ಕೇಳಿದವರಲ್ಲ. ಮಗುವನ್ನು ತೊಟ್ಟಿಲಿಗೆ ಹಾಕುವ ತಾಯಿ ಪ್ರತಿದಿನ ಹೊಸದೊಂದು ಜೋಗುಳ ಕಟ್ಟುತ್ತಾಳೆ. ಚೆನ್ನಾಗಿರಬೇಕೆಂದೇನಿಲ್ಲ, ನಿನ್ನೆಯದಾಗಿರಬಾರದು, ಅಷ್ಟೆ. ಕ್ಷೌರದ ಅಂಗಡಿಯಲ್ಲಿ ಗುನುಗುವುದು ಉಗುಳುವುದಕ್ಕಿಂತ ಕೆಟ್ಟ ನಡತೆ. ಓಲಗದವರು ವರ್ಷಕ್ಕೆ ಎರಡು ತಿಂಗಳು ದೂರದ ಊರುಗಳನ್ನು ಸುತ್ತಿ ಹೊಸ ಮಟ್ಟು ಹೊತ್ತುಕೊಂಡು ಬರುತ್ತಾರೆ. ಕೋಗಿಲೆಗೆ ಮಾತ್ರ ಈ ಕಟ್ಟಳೆ ಇಲ್ಲ. ಅದರದು ಮಟ್ಟಲ್ಲ, ಮಾತು ಎನ್ನುತ್ತಾರೆ ಹಿರಿಯರು.

ಮದುವೆಯ ಮಟ್ಟಿನ ವಿಷಯ ಬೇರೆಯೇ. ಹೆಣ್ಣು ಮಗು ಹುಟ್ಟಿ ಮೂರೋ ನಾಲ್ಕೋ ವರ್ಷವಾದಾಗ ತಾಯಿ ಒಂದು ಮಟ್ಟನ್ನು ಅವಳ ಮದುವೆಗೆಂದು ಮೀಸಲಿಡುತ್ತಾಳೆ. ಅಲ್ಲಿಂದಾಚೆಗೆ ಆ ಮನೆಯವರು ಅದನ್ನು ಕೇಳಬಾರದು. ಬೇರೆಯವರ ಮದುವೆಯಲ್ಲಿ ಅದು ಶುರುವಾಗುತ್ತದೆ ಎಂದರೆ ಕಿವಿಗೆ ಹತ್ತಿ ತುರುಕಿಕೊಂಡು ಹಿತ್ತಲಿಗೆ ಹೋಗಬೇಕು. ನಮ್ಮೂರಿನ ಯಾವ ಮದುವೆಮನೆಯ ಹಿತ್ತಲಲ್ಲಿ ನೋಡಿದರೂ ಹೀಗೆ ಹತ್ತಿ ಇಟ್ಟುಕೊಂಡ ಹೆಂಗಸರು ನಾಲ್ಕೈದು ಜನ ನಿಂತಿರುತ್ತಾರೆ. ಅವರ ಪಾಯಸ ಅಲ್ಲಿಗೇ ಹೋಗುತ್ತದೆ.

ನಾನು ಹೇಳಹೊರಟಿರುವುದು ನನ್ನ ದೊಡ್ಡಮ್ಮನ ಸಂಗತಿ. ಅವಳ ಹೆಸರು ಅಂಬುಜ, ನನ್ನಮ್ಮನ ಹೆಸರು ಜಲಜ. ಸೊಸೆಯರು ಮನೆತುಂಬಿದಾಗ ನಮ್ಮ ಅಜ್ಜಿಯೇ ಬದಲಿಸಿ ಇಟ್ಟ ಹೆಸರುಗಳು ಇವು. ನಾನು ಹುಟ್ಟಿದಾಗ ನಳಿನಿ ಎಂದಳು. ಅಜ್ಜಿಗೆ ತಾವರೆ ಬಿಟ್ಟು ಬೇರೆ ಹೂವು ಗೊತ್ತಿರಲಿಲ್ಲ. ದೊಡ್ಡಪ್ಪ ಮದುವೆಯಾದ ಆರನೆಯ ವರ್ಷಕ್ಕೆ ತೀರಿಕೊಂಡರು. ಮಕ್ಕಳಿರಲಿಲ್ಲ. ದೊಡ್ಡಮ್ಮ ಹಳೆಯ ಸೀರೆಗಳನ್ನು ಪದರ ಪದರವಾಗಿ ಇಟ್ಟು ಕೌದಿ ಹೊಲಿಯುತ್ತಾ ಮನೆಯ ಎಡಭಾಗದ ಕೋಣೆಯಲ್ಲಿ ಉಳಿದಳು. ನಾವು ಬಲಭಾಗದಲ್ಲಿ. ನಡುವೆ ಒಂದು ಪಡಸಾಲೆ, ಒಂದು ಅಡುಗೆಮನೆ. ಅಮ್ಮ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದಳು, ಇಬ್ಬರೂ ಒಡಹುಟ್ಟಿದವರಿಗಿಂತ ಹೆಚ್ಚಾಗಿಯೇ ಇದ್ದರು. ಮದುವೆಯಾದ ಹೊಸದರಲ್ಲಿ ಅಮ್ಮನಿಗೆ ಸಾರು ಮಾಡಲು ಬರುತ್ತಿರಲಿಲ್ಲ. ನಾಲ್ಕು ತಿಂಗಳು ದೊಡ್ಡಮ್ಮ ಮಾಡಿದ ಸಾರನ್ನು ಅತ್ತೆಯ ಮುಂದೆ ತನ್ನದೆಂದು ಬಡಿಸಿದವಳು ಅಮ್ಮ.

ಹಿಂದುಗಡೆಯ ಕೋಣೆಯಲ್ಲಿ ಮಥಾಯಸ್ ಸಾಹೇಬರು ಬಾಡಿಗೆಗಿದ್ದರು. ಊರಾಚೆಯ ಹಂಚಿನ ಭಟ್ಟಿ ಕಟ್ಟಿಸಲು ಯುರೋಪಿನ ಯಾವುದೋ ಬೆಟ್ಟದ ಸೀಮೆಯಿಂದ ಬಂದವರು ಭಟ್ಟಿ ಮುಚ್ಚಿದ ಮೇಲೂ ಹೋಗಲಿಲ್ಲ. ಬರುವಾಗ ಒಂದು ವಾದ್ಯ ತಂದಿದ್ದರು. ಅವರ ಬಾಯಲ್ಲಿ ಅದು ಜಿತರ್. ನಮ್ಮವರು ನೋಡಿ ಮಣೆವೀಣೆ ಎಂದರು. ಉದ್ದನೆಯ ಮಣೆಯಂತಹ ಮರದ ಪೆಟ್ಟಿಗೆ, ಮೇಲೆ ಆರು ತಂತಿ, ತಂತಿಯಡಿ ಅಡ್ಡಡ್ಡ ಗೆರೆಗಳು. ಎಡಗೈಯಲ್ಲಿ ಒಂದು ಮೂಳೆಯ ಕಡ್ಡಿ ಹಿಡಿದು ಈಚೆಯ ಎರಡು ತಂತಿಯನ್ನು ಒತ್ತುತ್ತಾ ಜಾರಿಸಬೇಕು, ಬಲಗೈಯ ಗರಿಯ ದಂಟಿನಿಂದ ಮೀಟಬೇಕು. ಆಚೆಯ ನಾಲ್ಕು ತಂತಿ ಸುಮ್ಮನೆ ಜೊತೆಗೆ ಮೊಳಗುತ್ತವೆ. ಅದರೊಂದಿಗೆ ಅವರೇ ನಕಲು ಮಾಡಿಕೊಂಡ ಒಂದು ಪುಸ್ತಕ. ಅವರ ಕಡೆ ಅರಮನೆಗಳಲ್ಲಿ ದೊಡ್ಡ ದೊಡ್ಡ ಚಿತ್ರ ಬರೆಯುತ್ತಿದ್ದ, ಗುಮ್ಮಟ ಕಟ್ಟುತ್ತಿದ್ದ ಕಾಲದಲ್ಲಿ, ಅಂದರೆ ನಾನೂರೋ ಐನೂರೋ ವರ್ಷದ ಹಿಂದೆ, ಕುರಿ ಕಾಯುವವರೂ ಗಿರಣಿಯವರೂ ಬಟ್ಟೆ ಒಗೆಯುವ ಹೆಂಗಸರೂ ಹಾಡಿಕೊಳ್ಳುತ್ತಿದ್ದ ನಲವತ್ತೆರಡು ಮಟ್ಟುಗಳು ಅದರಲ್ಲಿದ್ದವು. ಯಾವ ಗೆರೆಯ ಮೇಲೆ ಕಡ್ಡಿ ಒತ್ತಬೇಕು ಎಂಬುದಕ್ಕೆ ಸಾಲು ಸಾಲು ಅಂಕಿಗಳು.

ಬಂದ ವಾರವೇ ಸಾಹೇಬರು ಸಂತೆಯ ಕಟ್ಟೆಯ ಮೇಲೆ ಕೂತು ಒಂದು ಮಟ್ಟು ಬಾರಿಸಿದರಂತೆ. ತರಕಾರಿಯವರು ತಕ್ಕಡಿ ಕೆಳಗಿಟ್ಟು ಅತ್ತರಂತೆ. ಮಾರನೆಯ ದಿನ ಅದೇ ಬಾರಿಸಿದಾಗ ಯಾರೂ ತಿರುಗಿ ನೋಡಲಿಲ್ಲ. ಈ ಊರಿನವರು ಬಹಳ ಚಂಚಲರು ಎಂದುಕೊಂಡರು ಸಾಹೇಬರು. ನಮ್ಮೂರ ನೀರು ಮೂರು ವರ್ಷ ಕುಡಿದ ಮೇಲೆ ಅವರಿಗೂ ಗೊತ್ತಾಯಿತು. ತಾಯಿ ಹಾಡುತ್ತಿದ್ದ ಹಾಡನ್ನು ಒಂದು ಬೆಳಿಗ್ಗೆ ಎಂದಿನಂತೆ ಬಾರಿಸಿಕೊಂಡರು, ಮರುದಿನ ಅದು ಇರಲಿಲ್ಲ. ಆಮೇಲೆ ಅವರು ತಮಗಾಗಿ ಬಾರಿಸುವುದನ್ನು ಬಿಟ್ಟರು.

ದೊಡ್ಡಮ್ಮ ಅವರಿಗೆ ಊಟ ಕೊಟ್ಟುಬರಲು ಹೋಗುತ್ತಿದ್ದಳು. ಒಂದು ದಿನ ತಟ್ಟೆ ಕೆಳಗಿಟ್ಟು, "ಇದನ್ನ ನಂಗೆ ಹೇಳ್ಕೊಡ್ತೀರಾ?" ಎಂದು ಕೇಳಿದಳು. ಸಾಹೇಬರು ಅವಳ ಬೆರಳು ತಿರುಗಿಸಿ ನೋಡಿದರು. ಸೂಜಿ ಹಿಡಿದು ಗಟ್ಟಿಯಾದ ತುದಿಗಳು. ಆಗಬಹುದು ಎಂದರು. ಎಂಟು ವರ್ಷ ಕಲಿತಳು. ಅವರು ಸಾಯುವಾಗ ಮಣೆವೀಣೆಯನ್ನೂ ಪುಸ್ತಕವನ್ನೂ ಅವಳಿಗೇ ಬಿಟ್ಟರು.

ಸಂತೆಯಲ್ಲಿ ಬಾರಿಸಿದ್ದೊಂದನ್ನು ಬಿಟ್ಟರೆ ಊರಿನಲ್ಲಿ ಯಾರೂ ಕೇಳಿರದ ಮಟ್ಟುಗಳು ಅವು. ಹೀಗಾಗಿ ಮದುವೆಯಿದ್ದವರೆಲ್ಲ ನಮ್ಮ ಮನೆಗೆ ಬರತೊಡಗಿದರು. ಗಂಡ ಸತ್ತವಳು ಹಸೆಮಣೆಯ ಎದುರು ಕೂರಬಾರದು ಎಂದು ಒಬ್ಬಿಬ್ಬರು ಹಿರಿಯರು ಗೊಣಗಿದರು. ಆದರೆ ಗಿರಣಿಯವನ ಮಗಳ ಕುಣಿತ ಎಂಬ ಐದನೆಯ ಮಟ್ಟನ್ನು ಕೇಳಿದ ಮೇಲೆ ಅವರೇ ತಮ್ಮ ಮೊಮ್ಮಗಳಿಗೆ ಒಂಬತ್ತನೆಯದನ್ನು ಮೀಸಲು ಹೇಳಿಹೋದರು. ದೊಡ್ಡಮ್ಮ ಹಣೆಗೆ ಏನೂ ಇಡದೆ, ತಾನೇ ಹೊಲಿದ ಕೌದಿಯೊಂದನ್ನು ಹಾಸಿಕೊಂಡು, ಮಣೆವೀಣೆಯನ್ನು ತೊಡೆಯ ಮೇಲಿಟ್ಟು ಕೂತರೆ ಇಡೀ ಚಪ್ಪರ ಉಸಿರು ಬಿಗಿ ಹಿಡಿಯುತ್ತಿತ್ತು.

ನನಗೆ ನಾಲ್ಕು ವರ್ಷವಾಗಿದ್ದಾಗ ಅಮ್ಮ ನನ್ನ ಮದುವೆಗೆ ಹದಿನೇಳನೆಯದನ್ನು ಆರಿಸಿದಳು. ಸಾಹೇಬರು ಆಗ ಇನ್ನೂ ಇದ್ದರು. ಆ ಹಾಡು ಏನು ಹೇಳುತ್ತದೆ ಎಂದು ಅಮ್ಮ ಕೇಳಿದ್ದಕ್ಕೆ, ಚಳಿಗಾಲ ಕಳೆದು ದಾರಿಯ ಹಿಮ ಕರಗಿದ ದಿನ ಮಗಳು ಮನೆ ಬಿಟ್ಟು ಹೊರಡುತ್ತಾಳೆ, ತಾಯಿ ಅವಳ ಗಂಟಿಗೆ ಒಂದೊಂದೇ ಸಾಮಾನು ಇಡುತ್ತಾಳೆ, ಪ್ರತಿ ಸಲವೂ ಇನ್ನೊಂದು ಮರೆತೆ ಎನ್ನುತ್ತಾಳೆ ಎಂದರಂತೆ. ಅಮ್ಮನಿಗೆ ಅಷ್ಟು ಸಾಕಾಯಿತು. ಅಂದಿನಿಂದ ಹದಿನೈದು ವರ್ಷ, ಯಾರ ಮನೆಯಲ್ಲಿ ಹದಿನೇಳನೆಯದು ಬಾರಿಸಿದರೂ ಅಮ್ಮ ಹಿತ್ತಲಲ್ಲಿ. ಎರಡು ಕಿವಿಗೂ ಹತ್ತಿ, ಹತ್ತಿಯ ಮೇಲೆ ಅಂಗೈ, ಪಕ್ಕದಲ್ಲಿ ಹಾಗೇ ಅಂಗೈ ಮುಚ್ಚಿಕೊಂಡ ನಾನು.

ನನ್ನ ಮದುವೆಗೆ ಒಂದು ವಾರವಿರುವಾಗ ಅಮ್ಮನಿಗೆ ವಿಪರೀತ ಜ್ವರ ಬಂತು. ಔಷಧಿಯ ಮಂಪರಿನಲ್ಲಿ ಎರಡು ದಿನ ಮಲಗಿಯೇ ಇದ್ದಳು. ಮೂರನೆಯ ದಿನಕ್ಕೆ ಎದ್ದು ಹಪ್ಪಳ ಲೆಕ್ಕ ಹಾಕಿದಳು. ಮದುವೆಯ ದಿನ ಗೆಲುವಾಗಿಯೇ ಇದ್ದಳು. ಧಾರೆ ಮುಗಿದು ನಾವಿಬ್ಬರೂ ಹಸೆಮಣೆಯ ಮೇಲೆ ಕೂತಾಗ ದೊಡ್ಡಮ್ಮ ಎದುರಿಗೆ ಬಂದು ಕೂತಳು. ಅಮ್ಮ ಸೆರಗು ಸರಿಮಾಡಿಕೊಂಡು, ಪೂಜೆಗೆ ಕೂತವಳಂತೆ ಕೈಜೋಡಿಸಿ, ಕಣ್ಣು ಮುಚ್ಚಿದಳು. ದೊಡ್ಡಮ್ಮನ ಕೈ ಚಲಿಸಿತು. ನನ್ನ ಅತ್ತೆಯ ಕಣ್ಣಲ್ಲಿ ನೀರು ಬಂತು, ಅಡುಗೆ ಭಟ್ಟರು ಸೌಟು ಹಿಡಿದೇ ಬಾಗಿಲಿಗೆ ಬಂದು ನಿಂತರು. ಅಮ್ಮ ಮೆಲ್ಲನೆ ಕಣ್ಣು ಬಿಟ್ಟಳು. ದೊಡ್ಡಮ್ಮನ ಕೈ ನೋಡಿದಳು, ಅಳುತ್ತಿದ್ದ ಜನರನ್ನು ನೋಡಿದಳು, ಮತ್ತೆ ಕೈ ನೋಡಿದಳು. ತಪ್ಪು ಮನೆಗೆ ಬಂದವಳ ಮುಖ ಹೇಗಿರುತ್ತದೆಯೋ ಹಾಗಾಯಿತು ಅವಳ ಮುಖ. ಕೊನೆಯವರೆಗೂ ಕೈಜೋಡಿಸಿಕೊಂಡೇ ಕೂತಿದ್ದಳು.

ನೆಂಟರು ಊಟಕ್ಕೆ ಎದ್ದ ಮೇಲೆ ಒಳಕೋಣೆಯಲ್ಲಿ ಮಾತು ನಡೆಯಿತು. ನಾನು ಸೀರೆ ಬದಲಿಸುತ್ತಿದ್ದೆ.

"ನಂಗೆ ಕೇಳಿಸ್ಲಿಲ್ಲ ಅಕ್ಕ," ಎಂದಳು ಅಮ್ಮ.

ದೊಡ್ಡಮ್ಮ ಮಣೆವೀಣೆಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು.

"ಬರೀ ಟಕ್ ಟಕ್ ಅಂತು. ಹದಿನೈದು ವರ್ಷ ಕಂಡೋರ ಹಿತ್ತಲಲ್ಲಿ ನಿಂತಿದೀನಿ. ಯಾವಾಗ ಕೇಳಿದ್ದೆ ನಾನು ಅದನ್ನ? ಹೇಳು."

"ನಿಂಗೆ ಜ್ವರ ಬಂದಿತ್ತಲ್ಲ ಜಲಜಾ... ಮನೇಲಿ ಬೇರೆ ಯಾರೂ ಇರ್ಲಿಲ್ಲ, ನಿಂಗೆ ನಿದ್ದೆ ಹತ್ತಿದೆ ಅನ್ಕೊಂಡೆ. ಒಂದ್ಸಲ ಪೂರ್ತಿ ಕೈಯಾಡಿಸಿ ನೋಡದೆ ಮದುವೆ ದಿನ ಹಸೆ ಮುಂದೆ ಹೇಗೆ ಕೂರೋದು ಅಂತ... ಬಾಗಿಲು ಹಾಕ್ಕೊಂಡಿದ್ದೆ ಕಣೇ."

"ಮಲಗಿದೋರ ಕಿವಿಗೆ ಬಾಗಿಲಿರುತ್ತಾ?" ಎಂದಳು ಅಮ್ಮ. "ಬೇರೆ ಯಾರಾದ್ರೂ ಮೀಸಲು ಮುರಿದಿದ್ರೆ ನಾಲ್ಕು ಬೈದು ಸುಮ್ನಾಗ್ತಿದ್ದೆ," ಎಂದಳು. ಅದೇ ಕೊನೆ. ಆಮೇಲೆ ಹನ್ನೊಂದು ವರ್ಷ ಅವಳು ದೊಡ್ಡಮ್ಮನೊಂದಿಗೆ ಮಾತಾಡಲಿಲ್ಲ.

ನನ್ನನ್ನು ಕೊಟ್ಟದ್ದು ಅದೇ ಊರಿನ ಕೆಳಗಿನ ಪೇಟೆಗೆ. ಆದ್ದರಿಂದ ಆ ಹನ್ನೊಂದು ವರ್ಷವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಡುಗೆಮನೆಯಲ್ಲಿ ಎರಡು ಒಲೆಯಾಯಿತು. ದೊಡ್ಡಮ್ಮನ ಒಲೆಯ ಮೇಲೆ ಹಾಲು ಉಕ್ಕಿದರೆ ಅಮ್ಮ ಬೆಕ್ಕಿಗೆ ಹೇಳುತ್ತಿದ್ದಳು: "ಯಾರದ್ದೋ ಹಾಲು ಚೆಲ್ತಾ ಇದೆ ನೋಡೇ." ಅಪ್ಪ ಎರಡು ಕಡೆಯ ಸಾರನ್ನೂ ಉಣ್ಣಬೇಕಾಗಿ ಬಂದು ದಪ್ಪಗಾದರು. ದೊಡ್ಡಮ್ಮ ಮನೆಯಲ್ಲಿ ತಂತಿ ಮುಟ್ಟುವುದನ್ನೇ ಬಿಟ್ಟಳು. ಮಧ್ಯಾಹ್ನದ ಬಿಸಿಲಿನಲ್ಲಿ ಮಣೆವೀಣೆಯನ್ನು ಬಿಂದಿಗೆಯ ಹಾಗೆ ಸೊಂಟಕ್ಕೇರಿಸಿಕೊಂಡು ಊರಾಚೆಯ ಹಾಳು ಭಟ್ಟಿಗೆ ಹೋಗಿ, ಸಾಹೇಬರು ಕಟ್ಟಿಸಿದ ದಪ್ಪ ಗೋಡೆಗಳ ನಡುವೆ ಕೂತು ಬಾರಿಸಿ ಬರುತ್ತಿದ್ದಳು. ದಾರಿಯಲ್ಲಿ ಸಿಕ್ಕವರು ಕೊಡೆ ಕೊಡಹೋದರೆ, "ನನ್ನ ತಲೆಗೆ ಬಿಸಿಲು ತಾಗಲಿ ಬಿಡಪ್ಪ," ಎನ್ನುತ್ತಿದ್ದಳಂತೆ.

ಅವಳ ಐವತ್ತೆಂಟನೆಯ ವಯಸ್ಸಿಗೆ ಬಲಗೈ ನಡುಗತೊಡಗಿತು. ಎಣ್ಣೆ ಗಾಣದವರ ಮಗನ ಮದುವೆಯಲ್ಲಿ, ಮೂವತ್ತೊಂದನೆಯ ಮಟ್ಟಿನ ನಟ್ಟನಡುವೆ ಗರಿಯ ದಂಟು ಕೈಯಿಂದ ಬಿತ್ತು. ಎತ್ತಿಕೊಂಡಳು, ಮತ್ತೆ ಬಿತ್ತು. ಊರಿನವರು ಕೆಟ್ಟವರಲ್ಲ. ಹೆಣ್ಣಿನ ಕಡೆಯ ಮುದುಕರೊಬ್ಬರು ಎದ್ದು, "ಉಳಿದರ್ಧ ನಾಮಕರಣಕ್ಕೆ ಇರಲಿ ಬಿಡಮ್ಮ," ಎಂದು ನಗಿಸಿದರು. ಆದರೆ ಆ ಉಳಿದರ್ಧ ಯಾವತ್ತೂ ಆಗಲಿಲ್ಲ. ಮಗು ಹುಟ್ಟಿತು, ನಾಮಕರಣವಾಯಿತು. ದೊಡ್ಡಮ್ಮನ ಕೈ ಆ ಹೊತ್ತಿಗೆ ತಟ್ಟೆಯ ಅನ್ನವನ್ನೇ ಬಾಯಿಗೆ ತಲುಪಿಸಲು ಒದ್ದಾಡುತ್ತಿತ್ತು.

ನಾನು ವಾರಕ್ಕೆರಡು ಸಲ ಹೋಗಿ ಅವಳ ತಲೆ ಬಾಚಿ ಬರುತ್ತಿದ್ದೆ. ಒಂದು ದಿನ ಅವಳು ಸಾಹೇಬರ ಪುಸ್ತಕದ ಕೊನೆಯ ಹಾಳೆ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನಲವತ್ತೆರಡನೆಯದು. ಅಂಕಿಗಳ ಕೆಳಗೆ ಸಾಹೇಬರು ತಮ್ಮ ಸೊಟ್ಟ ಕನ್ನಡದಲ್ಲಿ, ದೋಣಿಯವನ ಹೆಂಡತಿ ಎಂದು ಬರೆದಿದ್ದರು.

"ಇದೊಂದನ್ನ ಮುಟ್ಟಿರ್ಲಿಲ್ಲ," ಎಂದಳು. "ಎಲ್ಲಾ ಮುಗಿದ್ಹೋಗ್ಬಾರ್ದು ಅಂತ ಇಟ್ಕೊಂಡಿದ್ದೆ. ಈಗ ಕೈಯೇ ಮುಗೀತು."

ಬೇಸರ ಮರೆಸಲು ನಾನು ಕೇಳಿದೆ, "ದೊಡ್ಡಮ್ಮ, ನಲವತ್ತೊಂದರಲ್ಲಿ ನಿಂಗೆ ಯಾವುದು ಇಷ್ಟ?"

ಅವಳು ನನ್ನತ್ತ ತಿರುಗಿ ನೋಡಿದಳು. ನಾನು ತಮಾಷೆ ಮಾಡುತ್ತಿದ್ದೇನೆಯೇ ಎಂದು ನೋಡಿದಂತಿತ್ತು.

"ನಾನೆಲ್ಲಿ ಕೇಳಿದೀನಿ ನಳಿನಿ?"

"ಅಂದ್ರೆ?"

"ಕಲಿಯೋವಾಗ ಒಂದೊಂದೇ ಚೂರು ಮೀಟಿ ಮೀಟಿ ಕಲೀಬೇಕಲ್ಲ. ಮೊದಲ ಚೂರು ಒಂದ್ಸಲ ಕೇಳುತ್ತೆ, ಹೋಗುತ್ತೆ. ನಾಳೆ ಎರಡನೇ ಚೂರು. ಕೈಗೆ ಕೂರೋ ಹೊತ್ತಿಗೆ ಎಲ್ಲಾ ಚೂರೂ ಖರ್ಚಾಗಿರುತ್ತೆ. ಕಾಳು ಕಾಳಾಗಿ ಅಕ್ಕಿ ಆರಿಸ್ದೆ, ಅನ್ನ ಉಣ್ಲಿಲ್ಲ." ತಲೆಗೂದಲನ್ನು ನನ್ನ ಕೈಯಿಂದ ಬಿಡಿಸಿಕೊಂಡಳು. "ಸಾಹೇಬರನ್ನ ಕೇಳಿದ್ದೆ, ಒಂದಾದ್ರೂ ಪೂರ್ತಿ ಬಾರ್ಸಿ ಅಂತ. ಬಾರ್ಸಿದ್ರೆ ಆಮೇಲೆ ಕಲೀವಾಗ ನಿಂಗೆ ಏನೂ ಕೇಳಿಸಲ್ಲ, ತಪ್ಪು ಹೇಗೆ ತಿದ್ಕೋತೀಯ, ಕೇಳೋಳಾಗ್ತೀಯೋ ಬಾರ್ಸೋಳಾಗ್ತೀಯೋ ಯೋಚ್ನೆ ಮಾಡು ಅಂದ್ರು. ಗಂಡ ಸತ್ತು ಎರಡು ವರ್ಷ ಆಗಿತ್ತು. ಹತ್ತು ಜನದ ನಡುವೆ ಕೂರೋಕೆ ನಂಗೊಂದು ಕಾರಣ ಬೇಕಿತ್ತು ಕಣೇ."

ಮಾರನೆಯ ಬೆಳಿಗ್ಗೆ ಅಮ್ಮ ದಂಟಿನ ಸೊಪ್ಪು ಸೋಸುತ್ತಿದ್ದಾಗ ನಾನು ಹೋಗಿ ಇದನ್ನು ಹೇಳಿದೆ. ದೊಡ್ಡಮ್ಮನ ಹೆಸರೆತ್ತಿದರೆ ಎದ್ದುಹೋಗುವುದು ಅವಳ ಪದ್ಧತಿ. ಅಂದು ಏಳಲಿಲ್ಲ.

"ಒಂದೂ ಕೇಳಿಲ್ವಂತಾ?"

"ಒಂದೂ ಇಲ್ಲ."

"ಮತ್ತೆ ನಿನ್ನ ಮದುವೇದು?"

"ಅದೂ ಇಲ್ಲಮ್ಮ. ಅವಳಿಗೂ ಅವತ್ತು ಟಕ್ ಟಕ್ಕೇ."

ಅಮ್ಮ ಸೋಸುತ್ತಲೇ ಇದ್ದಳು. ಸ್ವಲ್ಪ ಹೊತ್ತಾದ ಮೇಲೆ ನೋಡಿದರೆ ಎಲ್ಲ ಎಲೆಯನ್ನೂ ಕಸದ ಬುಟ್ಟಿಗೆ ಹಾಕಿದ್ದಳು, ನಾರನ್ನು ಪಾತ್ರೆಗೆ.

ಅಂದು ಮಧ್ಯಾಹ್ನ ಅವಳು ಪಡಸಾಲೆ ದಾಟಿ ದೊಡ್ಡಮ್ಮನ ಕೋಣೆಯ ಬಾಗಿಲಲ್ಲಿ ನಿಂತಳು. ನಾನು ಹಿಂದೆಯೇ ಇದ್ದೆ. ಹನ್ನೊಂದು ವರ್ಷದ ಮೇಲೆ ಮೊದಲ ಮಾತು ಏನಿರಬಹುದೆಂದು ಅವಳ ಹೆಗಲ ಮೇಲಿಂದ ಇಣುಕಿದೆ.

"ಆ ಕೊನೇದು ನಂಗೆ ಕಲಿಸು," ಎಂದಳು ಅಮ್ಮ.

ದೊಡ್ಡಮ್ಮ ಗೋಡೆ ಹಿಡಿದುಕೊಂಡು ಎದ್ದಳು. "ನಿಂಗಾ? ಯಾಕೇ?"

"ಯಾಕೆ ಅಂತ ಕೇಳಿದ್ರೆ ವಾಪಸ್ ಹೋಗ್ತೀನಿ."

"ಕಲಿತ್ರೆ ನಿಂಗದು ಹೋಗುತ್ತೆ ಜಲಜಾ. ಆಮೇಲೆ ಪೂರ್ತಿ ಕೇಳೋಕಾಗಲ್ಲ. ಇನ್ನೊಂದೂ ನಿಂಗೆ ನನ್ನಿಂದ ಕಳೆದ್ಹೋದ್ರೆ..."

"ಗೊತ್ತು. ಹೇಳಿದ್ಲು ಇವ್ಳು." ಅಮ್ಮ ಸೆರಗಿನ ಗಂಟು ಬಿಚ್ಚಿದಳು. ಅದರಲ್ಲಿ ಹತ್ತಿಯಿತ್ತು, ಜೊತೆಗೊಂದು ಉಂಡೆ ಜೇನುಮೇಣ. "ಹತ್ತಿ ಒಂದೇ ಸಾಲ್ದು. ನಂಗೆ ಅನುಭವ ಇದೆ. ಕಿವಿ ಕೊಡಕ್ಕ."

ಹೀಗೆ ಪಾಠ ಶುರುವಾಯಿತು. ಅಮ್ಮನಿಗೆ ಐವತ್ತೊಂದು ವರ್ಷ, ಅದುವರೆಗೆ ಸೌಟು ಬಿಟ್ಟು ಬೇರೇನನ್ನೂ ಹಿಡಿದ ಕೈಯಲ್ಲ. ಕಲಿಸುವವಳ ಕಿವಿಗೆ ಮೇಣ. ದೊಡ್ಡಮ್ಮ ಕಣ್ಣಿನಿಂದಲೇ ಕಲಿಸಬೇಕು: ಕಡ್ಡಿ ಯಾವ ಗೆರೆಯ ಮೇಲಿದೆ, ತಂತಿ ಎಷ್ಟು ನಡುಗುತ್ತಿದೆ, ಮಣಿಕಟ್ಟು ಬಿಗಿಯೇ ಸಡಿಲವೇ. ತಪ್ಪಿದರೆ ಕೌದಿಯ ಅಳತೆಕೋಲಿನಿಂದ ಅಮ್ಮನ ಕೈಗೆ ತಟ್ಟುತ್ತಿದ್ದಳು. ಸಂಜೆ ಅಮ್ಮನ ಮಣಿಕಟ್ಟಿನ ಮೇಲೆ ಕೆಂಪು ಗೆರೆಗಳಿರುತ್ತಿದ್ದವು. ಮುಂದೊಂದು ದಿನ ನಾವೂ ಪೂರ್ತಿ ಕೇಳಬೇಕೆಂದು ನಾನೂ ಅಪ್ಪನೂ ಆ ಹೊತ್ತಿಗೆ ಮನೆಯಿಂದ ಹೊರಗೆ ಇರುತ್ತಿದ್ದೆವು. ಒಳಗೆ ನಡೆದದ್ದನ್ನು ಅಮ್ಮ ಆಮೇಲೆ ಹೇಳಿದಳು.

ಎದುರಿಗೆ ಕೂತವಳಿಗೆ ಏನೂ ಕೇಳಿಸುವುದಿಲ್ಲ ಎಂದು ಗೊತ್ತಾದ ಮೇಲೆ ಅಮ್ಮನಿಗೆ ಬಾಯಿ ಬಂದುಬಿಟ್ಟಿತ್ತು. ಹನ್ನೊಂದು ವರ್ಷದ್ದೆಲ್ಲ, ಕೈ ಮೀಟುತ್ತಿರುವಾಗಲೇ, ಒಂದೊಂದಾಗಿ ಹೇಳಿದಳು. ಅತ್ತೆ ಸತ್ತಾಗ ನಿನ್ನ ಹೆಗಲ ಮೇಲೆ ಅಳಬೇಕು ಅನ್ನಿಸಿತ್ತು, ಆಗಲಿಲ್ಲ. ಮೊಮ್ಮಗ ಹುಟ್ಟಿದಾಗ ನೀನು ಹೊಲಿದ ಪುಟ್ಟ ಕೌದಿಯನ್ನು ಪೆಟ್ಟಿಗೆಯಲ್ಲಿಟ್ಟೆ, ಮಗುವಿಗೆ ಹೊದಿಸಲಿಲ್ಲ, ಪಾಪಿ ನಾನು. ಅಮ್ಮ ಅಂಕಿ ಸರಿಯೇ ಎಂದು ಕೇಳುತ್ತಿದ್ದಾಳೆಂದುಕೊಂಡು ದೊಡ್ಡಮ್ಮ ತಲೆಯಾಡಿಸುತ್ತಿದ್ದಳಂತೆ. ಎರಡನೆಯ ತಿಂಗಳಲ್ಲಿ ಒಂದು ದಿನ ಅಮ್ಮ ಗೊಣಗಿದಳು, "ಮದುವೆಗೆ ಮುಂಚೆ ಒಂದ್ ಮಾತು ಹೇಳಿದ್ರೆ ಬೇರೆ ಮಟ್ಟು ಆರಿಸ್ಕೋತಿದ್ದೆ. ಆದ್ರೆ ನಿಂಗೂ ಗೊತ್ತಿರ್ಲಿಲ್ಲ, ನಿನ್ನ ಏನಂತ ಅನ್ಲಿ."

"ಗೊತ್ತಿತ್ತು," ಎಂದಳು ದೊಡ್ಡಮ್ಮ.

ಅಮ್ಮನ ಕೈ ನಿಂತಿತು. ದೊಡ್ಡಮ್ಮನ ಕಣ್ಣು ತಂತಿಯ ಮೇಲಿರಲಿಲ್ಲ, ಅಮ್ಮನ ತುಟಿಯ ಮೇಲಿತ್ತು. ಎಂದಿನಿಂದ ಅಲ್ಲಿತ್ತೋ ಯಾರಿಗೆ ಗೊತ್ತು.

"ಬಾರ್ಸಿ ಮುಗಿಸಿ ಬಾಗಿಲು ತೆಗೆದು ನೋಡ್ದೆ. ನೀನು ಮಲಗೇ ಇದ್ದೆ. ಆದ್ರೆ ಹೊದಿಕೆಯಿಂದ ಆಚೆ ಬಂದಿದ್ದ ಕಾಲಿನ ಹೆಬ್ಬೆರಳು ತಾಳ ಹಾಕ್ತಾ ಇತ್ತು. ಹೇಳ್ಬೇಕಿತ್ತು. ಐದಾರು ದಿನ ಟೈಮಿತ್ತು. ದಿನಾ ಹೇಳ್ತೀನಿ ಅಂತ ಬರ್ತಿದ್ದೆ, ನೀನು ಅಷ್ಟು ಖುಷಿಯಾಗಿ ಹಪ್ಪಳ ಎಣಿಸ್ತಾ ಇರ್ತಿದ್ದೆ. ನನ್ನ ಕಣ್ಣಿನ ಭ್ರಮೆ ಇರ್ಬಹುದು ಅನ್ಕೊಂಡು ಸುಮ್ನಾದೆ. ಭ್ರಮೆ ಅಲ್ಲ ಅಂತ ಗೊತ್ತಿದ್ದೂ ಸುಮ್ನಾದೆ."

ಅಮ್ಮ ಗರಿಯ ದಂಟನ್ನು ಕೆಳಗಿಟ್ಟು ಎದ್ದುಬಂದಳು. ಎರಡು ದಿನ ಆ ಕಡೆ ತಲೆಹಾಕಲಿಲ್ಲ. ಮೂರನೆಯ ದಿನ ಊಟವಾದ ಮೇಲೆ ನೋಡಿದರೆ ಮೇಣದ ಉಂಡೆಯನ್ನು ಅಂಗೈಯಲ್ಲಿ ತಿಕ್ಕಿ ಮೆದು ಮಾಡುತ್ತಿದ್ದಳು. "ಕೋಪ ಹೋಯ್ತಾ?" ಎಂದು ಕೇಳಿದೆ. "ಹೋಗಿಲ್ಲ," ಎಂದಳು. "ಆದ್ರೆ ಆರನೇ ಸಾಲು ಅರ್ಧಕ್ಕೆ ನಿಂತಿದೆ."

ಐದು ತಿಂಗಳಾದ ಮೇಲೆ, ಕಾರ್ತೀಕದ ಒಂದು ಮಧ್ಯಾಹ್ನ, ಅಮ್ಮ ನನ್ನನ್ನು ಬರಹೇಳಿದಳು. ಅಪ್ಪ ಊರಲ್ಲಿರಲಿಲ್ಲ, ಎಣ್ಣೆ ಕಾಳಿನ ಖರೀದಿಗೆಂದು ಹೋಗಿದ್ದರು. ಅವರು ಬರುವವರೆಗೆ ಕಾಯೋಣವೇ ಎಂದರೆ, "ಇವತ್ತು ಬಿಟ್ರೆ ನಂಗೆ ಧೈರ್ಯ ಇರಲ್ಲ," ಎಂದಳು. ಪಡಸಾಲೆಯಲ್ಲಿ ದೊಡ್ಡಮ್ಮನನ್ನು ಕಂಬಕ್ಕೆ ಒರಗಿಸಿ ಕೂರಿಸಿದೆವು. ಅಮ್ಮ ತಾನೇ ಅವಳ ಕಿವಿಯ ಮೇಣ ತೆಗೆದು, ಬೆಚ್ಚಗಿನ ಬಟ್ಟೆಯಿಂದ ಒರೆಸಿದಳು. ಅಮ್ಮನ ಕೈ ಬೆವೆತು ದಂಟು ಜಾರುತ್ತಿತ್ತು. ಹಿಟ್ಟಿನ ಡಬ್ಬಿಗೆ ಕೈ ಅದ್ದಿ ಬಂದು ಕೂತಳು.

ಮಟ್ಟು ಮೊದಲಾಯಿತು. ಏನೂ ವಿಶೇಷವಿಲ್ಲ ಎಂಬಂತೆ ಮೂರು ಮೆಟ್ಟಿಲು ಹತ್ತಿತು, ನಿಂತಿತು, ಏನನ್ನೋ ನೆನೆಸಿಕೊಂಡು ಎರಡು ಇಳಿಯಿತು. ಮತ್ತೆ ಮೂರು ಹತ್ತಿತು. ಆಚೆಯ ತಂತಿಗಳು ಹರಿಯುವ ನೀರಿನಂತೆ ಒಂದೇ ಸಮನೆ ಕೆಳಗಿದ್ದವು. ದೊಡ್ಡಮ್ಮ ಕಣ್ಣು ಮುಚ್ಚಿದ್ದಳು. ನಡುಗುವ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡಿದ್ದಳು. ಸ್ವಲ್ಪ ಹೊತ್ತಿಗೆ ಹಿಡಿತ ಮರೆತು ಬಿಟ್ಟಳು. ನಡುವೆ ಒಂದು ಕಡೆ ಅಮ್ಮನ ಕಡ್ಡಿ ಒಂದು ಗೆರೆ ಮುಂದಕ್ಕೆ ಜಾರಿತು. ಅಮ್ಮನಿಗೆ ಅದು ಕೇಳಿಸಲಿಲ್ಲ, ಕಣ್ಣಿಗೆ ಕಂಡಿತು. ಒಮ್ಮೆ ಕೇಳಿದ್ದು ಕೇಳಿದ್ದೇ, ತಿದ್ದಿ ಬಾರಿಸುವಂತಿಲ್ಲ. ಕೈ ನಿಂತೇಬಿಟ್ಟಿತು ಎನ್ನುವಾಗ ದೊಡ್ಡಮ್ಮ ಕಣ್ಣು ತೆರೆಯದೆಯೇ ಕೈ ಮುಂದಕ್ಕೆ ಬೀಸಿದಳು, ಎತ್ತಿನ ಗಾಡಿಯವನಿಗೆ ಹೊರಡು ಎನ್ನುವ ಹಾಗೆ. ಅಮ್ಮ ಹೊರಟಳು. ಕೊನೆಯ ಸಾಲನ್ನು ತುಟಿ ಕಚ್ಚಿಕೊಂಡು ಮುಗಿಸಿದಳು.

ಕಡ್ಡಿಯನ್ನೂ ದಂಟನ್ನೂ ಕೆಳಗಿಟ್ಟಳು.

"ಹೇಗಿತ್ತಕ್ಕ?" ಎಂದಳು ಅಮ್ಮ. ಐದು ತಿಂಗಳು ಬಾರಿಸಿದವಳಿಗೆ ಅದು ಹೇಗಿದೆ ಎಂದು ಗೊತ್ತಿರಲಿಲ್ಲ.

ದೊಡ್ಡಮ್ಮ ಮುಖ ಒರೆಸಿಕೊಂಡಳು. "ಒಬ್ಬಳು ಹೊಳೆ ದಂಡೇಲಿ ಮನೆ ಮಾಡ್ಕೊಂಡಿದಾಳೆ ಅಂತ ಇಟ್ಕೋ. ಗಂಡ ದೋಣಿ ತಗೊಂಡು ಹೋಗಿದಾನೆ. ಹೊಸ್ತಿಲಿಗೆ ಬರ್ತಾಳೆ, ನೋಡ್ತಾಳೆ, ಒಲೆ ನೆನಪಾಗಿ ಒಳಗೆ ಹೋಗ್ತಾಳೆ. ಮತ್ತೆ ಬರ್ತಾಳೆ."

"ಆಮೇಲೆ?"

"ಆಮೇಲೆ ಕತ್ತಲಾಗುತ್ತೆ. ದೀಪ ಹಿಡ್ಕೊಂಡು ಬರ್ತಾಳೆ. ಅಲ್ಲೇ ನೀನು ಎಡವಿದ್ದು."

"ಹಾಳು ಮಾಡ್ದೆ ಅಲ್ವಾ?"

"ದೋಣಿ ಸದ್ದು ಕೇಳಿ ಓಡೋವಾಗ ಹೊಸ್ತಿಲು ಎಡವಲ್ವೇನೇ ಯಾರಾದ್ರೂ? ಎಡವದೇ ಇದ್ದಿದ್ರೆ ಬಂದ ಅಂತ ನಂಗೆ ಗೊತ್ತೇ ಆಗ್ತಿರ್ಲಿಲ್ಲ."

ಅಮ್ಮ ನಕ್ಕಳು, ನಗುತ್ತಲೇ ಅತ್ತಳು. ದೊಡ್ಡಮ್ಮ ಅವಳನ್ನು ಹತ್ತಿರ ಎಳೆದುಕೊಂಡಳು. ಎಳೆದ ಕೈಯ ಜೊತೆ ಅಮ್ಮನ ಭುಜವೂ ನಡುಗುತ್ತಿತ್ತು. ಮತ್ತೆ ಮತ್ತೆ ಆ ಮಟ್ಟನ್ನು ಹೇಳಿಸಿಕೊಂಡಳು ಅಮ್ಮ; ಪ್ರತಿ ಸಲವೂ ದೊಡ್ಡಮ್ಮನಿಗೆ ಇನ್ನೊಂದು ಸಂಗತಿ ನೆನಪಾಗುತ್ತಿತ್ತು, ಒಲೆಯ ಮೇಲಿದ್ದದ್ದು ಮೀನು ಎಂದೋ, ಮನೆಗೆ ಕಿಟಕಿಯೇ ಇರಲಿಲ್ಲ ಎಂದೋ. ಹನ್ನೊಂದು ವರ್ಷ ಅಮ್ಮ ಯಾರೊಂದಿಗೂ ಎತ್ತದ ಮಾತನ್ನು ಆಗ ಎತ್ತಿದಳು.

"ಅಕ್ಕ, ಆ ಹದಿನೇಳನೇದು ಹೇಗಿತ್ತು?"

"ನಂಗೇನು ಗೊತ್ತೇ? ನಾನೂ ಚೂರು ಚೂರೇ..."

ಇಬ್ಬರೂ ಒಟ್ಟಿಗೆ ನನ್ನತ್ತ ತಿರುಗಿದರು.

"ಇವ್ಳಿದಾಳಲ್ಲ!" ಎಂದಳು ದೊಡ್ಡಮ್ಮ. "ಇವ್ಳು ಪೂರ್ತಿ ಕೇಳಿದಾಳೆ. ನಳಿನೀ, ಹೇಳೇ ನಿಮ್ಮಮ್ಮನಿಗೆ."

ಅಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು, ಕಥೆ ಕೇಳುವ ಮಗುವಿನಂತೆ ಚಕ್ಕಳಮಕ್ಕಳ ಹಾಕಿ ಕೂತಳು. ಸುಳ್ಳು ಹೇಳಬಹುದಿತ್ತು. ಹಿಮ ಕರಗಿದ್ದು, ಗಂಟು ಕಟ್ಟಿದ್ದು, ಎಲ್ಲ ಸಾಹೇಬರ ಮಾತಿನಲ್ಲೇ ಇತ್ತು, ಹೇಳಿದ್ದರೆ ಇಬ್ಬರೂ ನಂಬುತ್ತಿದ್ದರು. ಆದರೆ ಆ ಇಬ್ಬರ ಮುಖ ನೋಡುತ್ತಾ ನನ್ನ ಬಾಯಲ್ಲಿ ಸುಳ್ಳು ಏಳಲಿಲ್ಲ.

"ನಂಗೆ ಗೊತ್ತಿಲ್ಲಮ್ಮ," ಎಂದೆ.

"ಗೊತ್ತಿಲ್ಲ ಅಂದ್ರೆ?"

"ನಾನು ಕೇಳಿಸ್ಕೊಳ್ಲೇ ಇಲ್ಲ. ನೀನು ಕಣ್ಣು ಬಿಟ್ಯಲ್ಲ, ಆಗಿಂದ ನಿನ್ನ ಮುಖಾನೇ ನೋಡ್ತಾ ಇದ್ದೆ. ಏನಾಯ್ತೋ ಅಂತ ಹೆದರಿಕೆ ಆಗಿತ್ತು. ಕಿವಿಗೆ ಬಿದ್ದಿರುತ್ತೆ, ಮನಸ್ಸಿಗೆ ಬೀಳ್ಲಿಲ್ಲ. ಒಂದು ಚೂರೂ ನೆನಪಿಲ್ಲ."

ಇಬ್ಬರೂ ಬಾಯಿ ತೆರೆದು ನನ್ನನ್ನೇ ನೋಡಿದರು.

"ಅಯ್ಯೋ ಪಾಪಿಷ್ಠೆ!" ಎಂದಳು ದೊಡ್ಡಮ್ಮ. "ನಿಮ್ಮಮ್ಮ ಹದಿನೈದು ವರ್ಷ ಕಾದಿದ್ದು, ನಾನು ಹನ್ನೊಂದು ವರ್ಷ ಬಿಸಿಲಲ್ಲಿ ಬೆಂದಿದ್ದು, ಮದುಮಗಳು ನೀನು ಕೇಳಿಸ್ಕೊಳ್ಲೇ ಇಲ್ವಾ!"

"ಎಲ್ಲ ನಿನ್ನಿಂದಾನೇ ಅಕ್ಕ," ಎಂದಳು ಅಮ್ಮ. "ಚಿಕ್ಕೋಳಿದ್ದಾಗ ಪಾಠಕ್ಕೆ ಕೂರಿಸಿದ್ರೆ ಕಿಟಕಿ ನೋಡ್ತಿದ್ಲು. ಬೈಯೋಕೆ ಬಿಟ್ಯಾ ನೀನು? ಮಡಿಲಲ್ಲಿ ಬಚ್ಚಿಟ್ಕೋತಿದ್ದೆ."

"ನಾನು ಬಚ್ಚಿಟ್ಕೊಂಡ್ರೆ ನೀನು ಉಂಡೆ ಕೊಡ್ತಿದ್ದೆ."

"ಉಂಡೆ ಕೊಡ್ತಿದ್ದಿದ್ದು ನೀನು!"

ಅಲ್ಲಿಂದ ಅವರಿಗೆ ತಡೆಯೇ ಇರಲಿಲ್ಲ. ನಾನು ಮೂರನೆಯ ತರಗತಿಯಲ್ಲಿ ಛತ್ರಿ ಕಳೆದದ್ದು, ಗಂಡಿನ ಮನೆಯವರು ನೋಡಲು ಬಂದಾಗ ಸೀನಿದ್ದು, ಎಲ್ಲ ಬಂತು. ಒಬ್ಬಳು ಶುರು ಮಾಡಿದ ಬೈಗುಳವನ್ನು ಇನ್ನೊಬ್ಬಳು ಮುಗಿಸುತ್ತಿದ್ದಳು. ಮುಸ್ಸಂಜೆಯಾಗಿ ದೀಪ ಹಚ್ಚುವ ಹೊತ್ತಾದರೂ ಇಬ್ಬರೂ ಏಳಲಿಲ್ಲ. ಮನೆಯಲ್ಲಿ ಮಕ್ಕಳು ಕಾಯುತ್ತಿದ್ದರು, ನಾನು ಹೊರಡಬೇಕಿತ್ತು. ತಲೆ ತಗ್ಗಿಸಿ, ಮಂಡಿಯ ಮೇಲೆ ಗದ್ದ ಇಟ್ಟುಕೊಂಡು, ಬೈಸಿಕೊಳ್ಳುತ್ತಾ ಅಲ್ಲೇ ಕೂತಿದ್ದೆ.